ಹಳ್ಳಿಯ ಅಂಚೆಮನೆ ಮತ್ತು ನಷ್ಟದ ಲೆಕ್ಕ

ಹಳ್ಳಿಯಲ್ಲಿ ವಾಸಿಸುವ ಸಾಮಾನ್ಯ ಮನುಷ್ಯನಿಗೆ ಸರಕಾರವೆಂಬುದು ಬಹುಮಟ್ಟಿಗೆ ಕೇಳುವವರ ರೂಪದಲ್ಲಿಯೋ ತಡೆಯುವವರ ರೂಪದಲ್ಲಿಯೋ ಎದುರಾಗುತ್ತದೆ. ಕಂದಾಯ ಕೇಳುವುದಕ್ಕೆ ಒಬ್ಬರು, ಕಾಡಿನಂಚಿನಿಂದ ಸೌದೆ ತಂದರೆ ವಿಚಾರಿಸುವುದಕ್ಕೆ ಮತ್ತೊಬ್ಬರು, ಬದುವಿನ ಜಗಳವಾದರೆ ಠಾಣೆಗೆ ಕರೆಸುವುದಕ್ಕೆ ಇನ್ನೊಬ್ಬರು. ಏನನ್ನೂ ಬೇಡದೆ, ಯಾರನ್ನೂ ಗದರಿಸದೆ, ಅವನಿಗೆ ಸಲ್ಲತಕ್ಕುದನ್ನು ಅವನ ಜಗಲಿಯವರೆಗೂ ತಂದು, ಹೆಸರು ಹಿಡಿದು ಕೂಗಿ ಕೈಗೆ ಕೊಟ್ಟು ಹೋಗುವ ಸರಕಾರದ ರೂಪವೊಂದಿದ್ದರೆ ಅದು ಅಂಚೆಯೇ. ಆದುದರಿಂದ ಒಂದು ಊರಿನ ಅಂಚೆಮನೆಯನ್ನು ಮುಚ್ಚಬೇಕೆಂಬ ಮಾತು ಎದ್ದಾಗ ಅದನ್ನು ಕೇವಲ ಒಂದು ಇಲಾಖೆಯ ಆಯವ್ಯಯದ ಪ್ರಶ್ನೆಯೆಂದು ಎಣಿಸುವುದು ಸಲ್ಲದು. ಪ್ರಜೆಗೂ ಪ್ರಭುತ್ವಕ್ಕೂ ನಡುವೆ ಸೌಮ್ಯವಾದ ಸಂಬಂಧ ಯಾವುದುಂಟೋ ಅದನ್ನೇ ಕಡಿಯುವ ಪ್ರಶ್ನೆ ಅದು.

ಕಾಗದ ಬರೆಯುವವರೇ ಇಲ್ಲವಾದ ಮೇಲೆ ಕಾಗದದ ಮನೆಯೇಕೆ ಎಂದು ಕೇಳುವವರು ಈಗ ಬಹಳ ಮಂದಿ. ಕೇಳುವುದು ಸಹಜ, ಆದರೆ ಆ ಪ್ರಶ್ನೆಯ ಒಳಗೆ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಹಳ್ಳಿಯ ಅಂಚೆಮನೆ ಎಂದೂ ಕೇವಲ ಕಾಗದದ ಬಲದಿಂದ ನಿಂತದ್ದಲ್ಲ, ಮತ್ತು ಅದು ಬಿದ್ದ ಕಡೆಗಳಲ್ಲಿ ಕೇವಲ ಕಾಗದ ಕಡಿಮೆಯಾದುದರಿಂದ ಬಿದ್ದುದೂ ಅಲ್ಲ. ಇದನ್ನು ಸ್ಪಷ್ಟವಾಗಿ ಕಾಣಬೇಕಾದರೆ, ಆಧುನಿಕ ಅಂಚೆಯ ವ್ಯವಸ್ಥೆಯನ್ನು ಜಗತ್ತಿಗೆ ಕಲಿಸಿಕೊಟ್ಟ ಇಂಗ್ಲೆಂಡಿನಲ್ಲಿಯೇ ಈ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ನಡೆದುದನ್ನು ನೋಡಬೇಕು.

ಆ ದೇಶದಲ್ಲಿ 1840ರ ಜನವರಿಯಲ್ಲಿ ರೋಲೆಂಡ್ ಹಿಲ್ಲನ ಸೂಚನೆಯಂತೆ, ದೂರ ಎಷ್ಟಾದರೂ ಸರಿ, ಹಗುರವಾದ ಕಾಗದಕ್ಕೆ ಒಂದೇ ಪೆನ್ನಿ ಎಂಬ ನಿಯಮ ಜಾರಿಗೆ ಬಂದುದನ್ನು ಎಲ್ಲರೂ ಬಲ್ಲರು. ಅಷ್ಟಾಗಿ ನೆನೆಯದ ಸಂಗತಿಗಳು ಅದರ ಅನಂತರದವು. 1861ರಲ್ಲಿ ಅಂಚೆಮನೆಯಲ್ಲಿ ಉಳಿತಾಯದ ಖಾತೆ ತೆರೆಯುವ ಅವಕಾಶವಾಯಿತು. ಬ್ಯಾಂಕಿನ ಮೆಟ್ಟಿಲನ್ನು ಹತ್ತಲು ಸಂಕೋಚಪಡುತ್ತಿದ್ದ ಕೂಲಿಯವನು ತನ್ನ ಶಿಲಿಂಗುಗಳನ್ನು ಗುರುತಿನವರ ಕೈಯಲ್ಲಿ ಕೊಟ್ಟು ಬರುವಂತಾಯಿತು. 1909ರ ಜನವರಿ 1ರಂದು, ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಐದು ಶಿಲಿಂಗಿನವರೆಗೆ ವೃದ್ಧಾಪ್ಯ ವೇತನ ಕೊಡುವುದು ಮೊದಲಾದಾಗ, ಆ ಹಣವನ್ನು ಹಂಚಿದುದೂ ಅಂಚೆಮನೆಯ ಕಿಟಕಿಯಿಂದಲೇ. ಹದಿನಾಲ್ಕನೆಯ ವಯಸ್ಸಿಗೇ ಆಕ್ಸ್‌ಫರ್ಡ್ ಪ್ರಾಂತದ ಒಂದು ಹಳ್ಳಿಯ ಅಂಚೆಮನೆಯಲ್ಲಿ ಕೆಲಸಕ್ಕೆ ಸೇರಿ ಮುಂದೆ ಲೇಖಕಿಯಾದ ಫ್ಲೋರಾ ಥಾಂಪ್ಸನ್, ‘ಲಾರ್ಕ್ ರೈಸ್’ ಎಂಬ ತನ್ನ ಗ್ರಂಥದಲ್ಲಿ ಆ ಸನ್ನಿವೇಶವನ್ನು ವರ್ಣಿಸಿದ್ದಾಳೆ: ಮೊದಲ ವೇತನವನ್ನು ಕೈಯಲ್ಲಿ ಹಿಡಿದ ಮುದುಕರ ಕಣ್ಣು ತುಂಬಿತಂತೆ, ಹಣವನ್ನು ಎಣಿಸಿ ಕೊಟ್ಟವಳಷ್ಟೇ ಆದ ಅಂಚೆಮನೆಯ ಹುಡುಗಿಗೆ ಅವರು ತಮ್ಮ ತೋಟದ ಹೂವನ್ನೂ ಸೇಬನ್ನೂ ತಂದುಕೊಡುತ್ತಿದ್ದರಂತೆ. ಒಂದು ಕಾಯಿದೆ ಪಾರ್ಲಿಮೆಂಟಿನ ಮುದ್ರಿತ ಪುಟಗಳಿಂದ ಇಳಿದು ಕೊನೆಯ ಮನುಷ್ಯನ ಅಂಗೈಯವರೆಗೆ ಬಂದು ಮುಟ್ಟುವ ದಾರಿ ಯಾವುದೆಂಬುದನ್ನು ಈ ಚಿತ್ರಕ್ಕಿಂತ ಚೆನ್ನಾಗಿ ತೋರಿಸುವ ಇನ್ನೊಂದನ್ನು ನಾನು ಓದಿಲ್ಲ.

ಅಲ್ಲಿನ ಹಳ್ಳಿಯ ಅಂಚೆಮನೆಯ ರಚನೆಯೂ ಗಮನಾರ್ಹವಾದುದು. ಅದನ್ನು ನಡೆಸತಕ್ಕವನು ಸರಕಾರದ ಸಂಬಳದ ನೌಕರನಲ್ಲ. ಊರಿನ ಅಂಗಡಿಕಾರನೇ ಉಪ ಅಂಚೆಪಾಲಕನಾಗಿ ಒಪ್ಪಂದ ಮಾಡಿಕೊಂಡು, ಅಂಗಡಿಯ ಒಂದು ಮೂಲೆಯಲ್ಲಿ ಗಾಜಿನ ಹಿಂದೆ ಅಂಚೆಯ ಕೆಲಸವನ್ನೂ, ಉಳಿದ ಜಾಗದಲ್ಲಿ ರೊಟ್ಟಿ, ಬೆಣ್ಣೆ, ಪತ್ರಿಕೆ, ಬೆಂಕಿಪೆಟ್ಟಿಗೆಗಳ ವ್ಯಾಪಾರವನ್ನೂ ಸಾಗಿಸುವನು. ವೇತನ ಪಡೆಯಲು ಬಂದವರು ಸಾಮಾನು ಕೊಂಡು ಹೋಗುವರು. ಸಾಮಾನಿಗೆ ಬಂದವರು ಒಂದು ಪಾರ್ಸೆಲನ್ನು ತೂಗಿಸಿ ಹೋಗುವರು. ಅಂಚೆಯ ಪ್ರತಿಫಲವೊಂದರಿಂದ ಅವನ ಸಂಸಾರ ಸಾಗದು, ಅಂಗಡಿಯ ಲಾಭವೊಂದರಿಂದಲೂ ಸಾಗದು. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆದಿರಲು ಸಾಧ್ಯ. ಇಂಥ ಮನೆಗಳು 1960ರ ದಶಕದ ನಡುವಿನಲ್ಲಿ, ಪಟ್ಟಣದವೂ ಸೇರಿ, ಸುಮಾರು 25,000 ಇದ್ದವು.

ಇವುಗಳ ಕ್ಷಯ ಹೇಗಾಯಿತು? ದೂರವಾಣಿ ಬಂದುದು, ಮೋಟಾರು ಗಾಡಿ ಬಂದುದು, ಮಿಂಚಂಚೆ ಬಂದುದು ನಿಜ. ಆದರೆ ಇವುಗಳಿಗಿಂತ ಹೆಚ್ಚಾಗಿ ಪೆಟ್ಟು ಕೊಟ್ಟುದು ಸರಕಾರದ ಸ್ವಂತ ನಿರ್ಣಯಗಳು. ವಾರವಾರವೂ ಪುಸ್ತಕ ತೋರಿಸಿ ಅಂಚೆಮನೆಯಲ್ಲಿ ನಗದಾಗಿ ಪಡೆಯುತ್ತಿದ್ದ ಪಿಂಚಣಿಯನ್ನೂ ಇತರ ಸಹಾಯಧನಗಳನ್ನೂ 2003ರಿಂದ ನೇರವಾಗಿ ಬ್ಯಾಂಕಿನ ಖಾತೆಗೆ ಜಮಾ ಮಾಡುವ ಪದ್ಧತಿ ಬಂದಿತು. ಇಲಾಖೆಗೆ ಅದರಿಂದ ಖರ್ಚು ಕಡಿಮೆಯಾಯಿತು. ಮೋಟಾರು ತೆರಿಗೆಯನ್ನು ಅಂತರಜಾಲದಲ್ಲಿಯೇ ಕಟ್ಟಬಹುದೆಂದಾಯಿತು. 2006ರಲ್ಲಿ ದೂರದರ್ಶನದ ಲೈಸೆನ್ಸಿನ ಹಣ ಸಂಗ್ರಹಿಸುವ ಗುತ್ತಿಗೆಯೂ ಅಂಚೆಮನೆಯ ಕೈತಪ್ಪಿತು. ಹೀಗೆ ಒಂದೊಂದಾಗಿ ಕೆಲಸಗಳನ್ನು ಕಿತ್ತುಕೊಂಡ ಮೇಲೆ ಜನರು ಬರುವುದು ಕಡಿಮೆಯಾದುದರಲ್ಲಿ ಆಶ್ಚರ್ಯವೇನು? ಆಶ್ಚರ್ಯವಾದುದು ಮುಂದಿನ ತರ್ಕ. ಜನರು ಬರುತ್ತಿಲ್ಲ, ವಾರಕ್ಕೆ ನಾಲ್ಕು ಮಿಲಿಯ ಪೌಂಡಿನ ನಷ್ಟವಾಗುತ್ತಿದೆ, ಆದುದರಿಂದ ಮುಚ್ಚಬೇಕು ಎಂದು, ಕಿತ್ತುಕೊಂಡವರೇ ತೀರ್ಪು ಕೊಟ್ಟರು.

2006ರ ಡಿಸೆಂಬರಿನಲ್ಲಿ ಆಗಿನ ಸಚಿವ ಅಲಿಸ್ಟೇರ್ ಡಾರ್ಲಿಂಗ್ ಪಾರ್ಲಿಮೆಂಟಿನ ಮುಂದೆ ಈ ಯೋಜನೆಯನ್ನಿಟ್ಟಾಗ ಅತ್ಯಂತ ಸಣ್ಣವಾದ ಸುಮಾರು 800 ಗ್ರಾಮೀಣ ಅಂಚೆಮನೆಗಳ ಸ್ಥಿತಿಯನ್ನು ಎತ್ತಿ ಹೇಳಿದರು: ಅಲ್ಲಿಗೆ ವಾರಕ್ಕೆ ಬರುವವರು ಸುಮಾರು ಹದಿನಾರು ಮಂದಿ, ಒಬ್ಬೊಬ್ಬರ ಒಂದೊಂದು ಭೇಟಿಗೂ ಖಜಾನೆಗೆ ತಗಲುವ ನಷ್ಟ 17 ಪೌಂಡು. ಈ ಅಂಕಿಯನ್ನು ಕೇಳಿದವರ ಬಾಯಿ ಕಟ್ಟಿಹೋಗುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಏನನ್ನು ಬರೆದಿದ್ದಾರೆಂಬುದಕ್ಕಿಂತ ಏನನ್ನು ಬರೆದಿಲ್ಲವೆಂಬುದನ್ನು ನೋಡುವುದು ಇಂಥ ಕಡೆಗಳಲ್ಲಿ ಅವಶ್ಯಕ. ಆ ಹದಿನಾರು ಮಂದಿ ಇನ್ನು ಮುಂದೆ ಬಸ್ಸು ಹಿಡಿದು, ಅಥವಾ ಬಸ್ಸಿಲ್ಲದ ಕಡೆ ನೆರೆಯವರ ಕಾರನ್ನು ಬೇಡಿ, ಪಕ್ಕದ ಪಟ್ಟಣಕ್ಕೆ ಹೋಗಿಬರುವ ವೆಚ್ಚವೆಷ್ಟು, ವ್ಯಯವಾಗುವ ಹೊತ್ತೆಷ್ಟು ಎಂಬುದು ಯಾವ ಕಾಲಮ್ಮಿನಲ್ಲಿಯೂ ಇರಲಿಲ್ಲ. ಪಟ್ಟಣಕ್ಕೆ ಹೋದವರು ಅಲ್ಲಿಯೇ ಸಾಮಾನು ಕೊಂಡು ಬರುವುದರಿಂದ ಊರಿನ ಅಂಗಡಿಗೆ ಆಗುವ ಹಾನಿಯೂ ಇರಲಿಲ್ಲ. ಪಿಂಚಣಿಯನ್ನು ಬ್ಯಾಂಕಿಗೆ ತಿರುಗಿಸಿ ಒಂದು ಇಲಾಖೆ ಉಳಿಸಿದ ಹಣದ ಎದುರಿಗೆ, ಸೊರಗಿದ ಅಂಚೆಮನೆಗಳನ್ನು ಹೇಗಾದರೂ ಉಳಿಸಿಕೊಳ್ಳುವುದಕ್ಕಾಗಿ ಇನ್ನೊಂದು ಇಲಾಖೆ ವರ್ಷಕ್ಕೆ 150 ಮಿಲಿಯ ಪೌಂಡನ್ನು ಸಹಾಯಧನವಾಗಿ ಕೊಡಬೇಕಾಗಿ ಬಂದುದನ್ನೂ ಒಂದೇ ಹಾಳೆಯಲ್ಲಿ ಕೂಡಿಸಿ ಕಳೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ನಷ್ಟವೆಂಬುದು ಅಲ್ಲಿ ಇಲ್ಲವಾಗಲಿಲ್ಲ. ಸರಕಾರದ ಪುಸ್ತಕದಿಂದ ಮುದುಕಿಯ ಕೈಚೀಲಕ್ಕೆ ವರ್ಗವಾಯಿತು.

ಅಂಚೆಪಾಲಕರ ಒಕ್ಕೂಟದವರು ಸುಮಾರು ನಲವತ್ತು ಲಕ್ಷ ಜನರ ರುಜುಗಳನ್ನು ಸಂಗ್ರಹಿಸಿ 2006ರ ಶರತ್ಕಾಲದಲ್ಲಿಯೇ ಪ್ರಧಾನಿಯ ಮನೆಗೆ ಒಪ್ಪಿಸಿದ್ದರು. ಆದಾಗ್ಯೂ 2007ರ ಮೇ ತಿಂಗಳಿನಲ್ಲಿ ನಿರ್ಣಯ ಸ್ಥಿರಪಟ್ಟಿತು. ಉಳಿದಿದ್ದ ಸುಮಾರು 14,000 ಮನೆಗಳಲ್ಲಿ 2,500ರ ತನಕ ಮುಚ್ಚತಕ್ಕದ್ದೆಂದೂ, ಸುಮಾರು 500 ಕಡೆಗಳಲ್ಲಿ ಪೂರ್ಣ ಅಂಚೆಮನೆಗೆ ಬದಲಾಗಿ ವ್ಯಾನಿನಲ್ಲಿಯೋ, ಚರ್ಚಿನ ಕೋಣೆಯಲ್ಲಿಯೋ, ಊರಿನ ಪಾನಗೃಹದ ಮೂಲೆಯಲ್ಲಿಯೋ ವಾರದಲ್ಲಿ ಕೆಲವು ಗಂಟೆಗಳ ಸೇವೆಯನ್ನು ಕೊಡತಕ್ಕದ್ದೆಂದೂ ಗೊತ್ತಾಯಿತು. ಪ್ರತಿಯೊಂದು ಪ್ರದೇಶದ ಜನರಿಗೆ ತಮ್ಮ ಮಾತನ್ನು ಹೇಳಿಕೊಳ್ಳಲು ಕೊಟ್ಟ ಅವಧಿ ಆರು ವಾರ. ದೇಶದ ಜನಸಂಖ್ಯೆಯ ಶೇಕಡ 99 ಭಾಗಕ್ಕೆ ಮೂರು ಮೈಲಿಯೊಳಗೆ ಒಂದು ಅಂಚೆಮನೆ ಇರತಕ್ಕದ್ದೆಂಬ ಮಾನದಂಡವನ್ನು ಹಾಕಿಕೊಂಡದ್ದು ಒಳ್ಳೆಯದೇ. ಆದರೆ ಮೂರು ಮೈಲಿಯೆಂಬುದು ಕಾರಿದ್ದವನಿಗೆ ಐದು ನಿಮಿಷ, ಊರುಗೋಲಿನವನಿಗೆ ಒಂದು ದಿನದ ಕಾರ್ಯ.

ಅನಂತರ ನಡೆದುದನ್ನು ನೋಡಿದರೆ ಮುಚ್ಚಿದ ಅವಸರದ ಅವಿವೇಕ ಇನ್ನಷ್ಟು ತಿಳಿಯುತ್ತದೆ. ಎಸೆಕ್ಸ್ ಪ್ರಾಂತದ ಸ್ಥಳೀಯ ಸಂಸ್ಥೆಯು 2008ರಿಂದ ತನ್ನ ಹಣವನ್ನು ಕೊಟ್ಟು ಮುಚ್ಚಿದ ಕೆಲವನ್ನು ಪುನಃ ತೆರೆಯಿಸಿತು. ಎಷ್ಟೋ ಊರುಗಳಲ್ಲಿ ಜನರೇ ಪಾಲುಹಣ ಕೂಡಿಸಿ ಸಹಕಾರ ತತ್ತ್ವದ ಮೇಲೆ ಅಂಗಡಿಯನ್ನೂ ಅದರೊಡನೆ ಅಂಚೆಯನ್ನೂ ನಡೆಸತೊಡಗಿದರು. ಇನ್ನೊಂದು ಕಡೆ, ಯಾವ ಬ್ಯಾಂಕುಗಳಿಗೆ ಪಿಂಚಣಿಯನ್ನು ತಿರುಗಿಸಲಾಗಿತ್ತೋ ಆ ಬ್ಯಾಂಕುಗಳೇ ಲಾಭವಿಲ್ಲವೆಂದು ಸಣ್ಣ ಊರುಗಳಲ್ಲಿನ ತಮ್ಮ ಶಾಖೆಗಳನ್ನು ಒಂದಾದ ಮೇಲೊಂದರಂತೆ ಮುಚ್ಚಿ ಹೊರಟುಹೋದುವು. 2017ರಲ್ಲಿ ಬ್ಯಾಂಕುಗಳಿಗೂ ಅಂಚೆ ಸಂಸ್ಥೆಗೂ ಒಪ್ಪಂದವಾಗಿ, ಬ್ಯಾಂಕಿನ ಗಿರಾಕಿಗಳು ಹಣ ತೆಗೆಯಲು ಅಂಚೆಮನೆಗೆ ಹೋಗಬಹುದೆಂದಾಯಿತು. ಹೋಗುವುದಕ್ಕೆ ಅಂಚೆಮನೆ ಉಳಿದಿದ್ದರೆ ತಾನೆ! ಈ ನಡುವೆ, 1999ರಿಂದ ಬಳಕೆಗೆ ಬಂದ ‘ಹೊರೈಜನ್’ ಎಂಬ ಗಣಕದ ದೋಷದಿಂದ ಲೆಕ್ಕ ತಪ್ಪಿ, ಮಾಡದ ಕಳವಿಗೆ ನೂರಾರು ಉಪ ಅಂಚೆಪಾಲಕರು ಶಿಕ್ಷೆಗೊಳಗಾದ ದಾರುಣ ಪ್ರಕರಣವೂ ನಡೆಯಿತು. ಅವರ ಮೇಲಿನ ತೀರ್ಪುಗಳನ್ನು ಸಾಮೂಹಿಕವಾಗಿ ರದ್ದುಮಾಡುವುದಕ್ಕೆ 2024ರಲ್ಲಿ ಪಾರ್ಲಿಮೆಂಟು ಒಂದು ವಿಶೇಷ ಕಾಯಿದೆಯನ್ನೇ ಮಾಡಬೇಕಾಯಿತು. ಇದು ಬೇರೆಯೇ ವಿಷಯವೆನ್ನಬಹುದು. ಆದರೆ ಊರಿನ ವಿಶ್ವಾಸಕ್ಕೆ ಪಾತ್ರನಾದ ಸಣ್ಣ ಮನುಷ್ಯನ ಮಾತಿಗಿಂತ ಕೇಂದ್ರ ಕಚೇರಿಯ ಲೆಕ್ಕವೇ ದೊಡ್ಡದೆಂದು ನಂಬಿದ ಮನೋಧರ್ಮ ಎರಡು ಕಡೆಗಳಲ್ಲಿಯೂ ಒಂದೇ.

ಅಮೆರಿಕದಲ್ಲಿ ಈ ವಿಷಯಕ್ಕೆ ಕಾನೂನಿನ ರಕ್ಷಣೆಯೊಂದುಂಟು. 1970ರಲ್ಲಿ ಅಂಚೆ ಇಲಾಖೆಯನ್ನು ಸ್ವತಂತ್ರ ಸಂಸ್ಥೆಯಾಗಿ ಮಾರ್ಪಡಿಸಿದಾಗ, ತಮ್ಮ ಖರ್ಚನ್ನು ತಾವೇ ಹುಟ್ಟಿಸಿಕೊಳ್ಳಲಾರದ ಗ್ರಾಮಗಳಿಗೂ ಗರಿಷ್ಠ ಪ್ರಮಾಣದ ಸೇವೆ ಸಲ್ಲಬೇಕೆಂದೂ, ನಷ್ಟವಾಗುತ್ತಿದೆಯೆಂಬ ಒಂದೇ ಕಾರಣದಿಂದ ಯಾವ ಸಣ್ಣ ಅಂಚೆಮನೆಯನ್ನೂ ಮುಚ್ಚಕೂಡದೆಂದೂ ಅಲ್ಲಿನ ಶಾಸನಕರ್ತರು ಬರೆದಿಟ್ಟರು. 2011ರ ಜುಲೈ 26ರಂದು 3,653 ಕಚೇರಿಗಳನ್ನು ಮುಚ್ಚುವ ಬಗೆಗೆ ವಿಚಾರಣೆ ಪ್ರಾರಂಭವಾದಾಗ ಈ ವಾಕ್ಯವೇ ಹಳ್ಳಿಯವರ ಕೈಗೆ ಆಯುಧವಾಯಿತು. ಗದ್ದಲವೆದ್ದು, ಮುಂದಿನ ವರ್ಷದ ಮೇ ತಿಂಗಳಿನಲ್ಲಿ ಯೋಜನೆ ಬದಲಾಯಿತು: ಮುಚ್ಚುವುದಕ್ಕೆ ಬದಲು, ಸುಮಾರು 13,000 ಗ್ರಾಮೀಣ ಕಚೇರಿಗಳ ವೇಳೆಯನ್ನು ದಿನಕ್ಕೆ ಆರು, ನಾಲ್ಕು ಅಥವಾ ಎರಡು ಗಂಟೆಗಳಿಗೆ ಇಳಿಸಲಾಯಿತು. ಎರಡು ಗಂಟೆ ತೆರೆದಿರುವ ಮನೆ ಕಾನೂನಿನ ದೃಷ್ಟಿಯಲ್ಲಿ ಜೀವಂತವೇ. ಹೊಲದಿಂದ, ಗಣಿಯಿಂದ, ಶಾಲೆಯಿಂದ ಆ ಎರಡು ಗಂಟೆಯೊಳಗೆ ಬರಲಾರದವನ ದೃಷ್ಟಿಯಲ್ಲಿ ಅದು ಮುಚ್ಚಿದ ಮನೆಯೇ. ಹಾಗಿದ್ದರೂ ಆ ಶಾಸನವಾಕ್ಯ ಇಲ್ಲದಿದ್ದರೆ ಉಳಿದಷ್ಟೂ ಉಳಿಯುತ್ತಿರಲಿಲ್ಲವೆಂಬುದು ನನ್ನ ಅಭಿಪ್ರಾಯ. ಅಮೆರಿಕದವರು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳಬೇಕು: 1911ರಲ್ಲಿ ಪ್ರಾರಂಭಿಸಿದ್ದ ಅಂಚೆ ಉಳಿತಾಯದ ವ್ಯವಸ್ಥೆಯನ್ನು 1967ರಲ್ಲಿ ನಿಲ್ಲಿಸಿಬಿಟ್ಟರು. ಹೀಗಾಗಿ ಕಾಗದ ಕಡಿಮೆಯಾದಾಗ ಅವರ ಹಳ್ಳಿಯ ಅಂಚೆಮನೆಗೆ ಆತುಕೊಳ್ಳಲು ಬೇರೆ ಗೋಡೆಯಿರಲಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಕನ್ನಡಿಗರಿಗೆ ಅಂಚೆ ಇಂಗ್ಲಿಷರು ಕೊಟ್ಟ ವರವಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ಅಂಚೆಯನ್ನು ಸ್ಥಾಪಿಸಿದರು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವ ತನಕ ಅದು ಸಂಸ್ಥಾನದ ಸ್ವಂತ ಸಂಸ್ಥೆಯಾಗಿಯೇ ನಡೆಯಿತು. ಸ್ವಾತಂತ್ರ್ಯ ಬಂದಾಗ ಇಡೀ ಭಾರತದಲ್ಲಿ ಇದ್ದ ಅಂಚೆಮನೆಗಳು 23,344, ಅವುಗಳಲ್ಲಿ ಹಳ್ಳಿಗಳಲ್ಲಿದ್ದುವು 19,184. ಇಂದು ಒಟ್ಟು ಸಂಖ್ಯೆ 1,64,000ವನ್ನು ಮೀರಿದೆ, ಹತ್ತರಲ್ಲಿ ಒಂಬತ್ತು ಗ್ರಾಮಾಂತರದವು. ಸ್ವತಂತ್ರ ಭಾರತದ ಆಡಳಿತಗಾರರು ಈ ವಿಸ್ತರಣವನ್ನು ಲಾಭಕ್ಕಾಗಿ ಮಾಡಲಿಲ್ಲ. ಹೊಸ ಶಾಖಾ ಅಂಚೆಮನೆಯನ್ನು ತೆರೆಯುವುದಕ್ಕೆ ಇಲಾಖೆ ಇಟ್ಟುಕೊಂಡ ನಿಯಮವನ್ನು ನೋಡಿದರೆ ಇದು ತಿಳಿಯುತ್ತದೆ: ಸಾಮಾನ್ಯ ಪ್ರದೇಶದಲ್ಲಿ ಸುತ್ತಿನ ಊರುಗಳ ಜನಸಂಖ್ಯೆ 3,000 ಇರಬೇಕು, ಗುಡ್ಡಗಾಡಿನಲ್ಲಿಯೂ ಬುಡಕಟ್ಟು ಜನರ ನೆಲೆಗಳಲ್ಲಿಯೂ 500 ಇದ್ದರೆ ಸಾಕು, ಖರ್ಚಿನ ಮೂರರಲ್ಲಿ ಒಂದು ಭಾಗ ಆದಾಯ ಬಂದರೆ ಸಾಮಾನ್ಯ ಪ್ರದೇಶಕ್ಕೆ ತೃಪ್ತಿ, ಗುಡ್ಡಗಾಡಿಗೆ ನೂರಕ್ಕೆ ಹದಿನೈದು ಬಂದರೂ ತೃಪ್ತಿ. ಉಳಿದುದನ್ನು ದೇಶ ಭರಿಸತಕ್ಕದ್ದು. ನಷ್ಟವನ್ನು ಮೊದಲೇ ಒಪ್ಪಿಕೊಂಡು, ಅದನ್ನು ಕರ್ತವ್ಯದ ಬೆಲೆಯೆಂದು ಬರೆದಿಟ್ಟ ನಿಯಮವಿದು. ನಮ್ಮ ಸಾರ್ವಜನಿಕ ಜೀವನದ ಉದಾತ್ತ ದಾಖಲೆಗಳಲ್ಲಿ ಇದನ್ನೂ ಒಂದೆಂದು ನಾನು ಗಣಿಸುತ್ತೇನೆ.

ಇಂಗ್ಲೆಂಡಿನಲ್ಲಿ ಆದಂತೆ ಸಾವಿರಗಟ್ಟಲೆ ಮನೆಗಳನ್ನು ಒಂದೇ ಆಜ್ಞೆಯಿಂದ ಮುಚ್ಚುವ ಪ್ರಸಂಗ ನಮ್ಮಲ್ಲಿ ಒದಗಿಲ್ಲ. ಅದಕ್ಕೆ ಮುಖ್ಯ ಕಾರಣ 1882ರಿಂದ ನಡೆದುಬಂದಿರುವ ಅಂಚೆ ಉಳಿತಾಯ ಬ್ಯಾಂಕು. ಹಳ್ಳಿಯ ಹೆಂಗಸು ತಿಂಗಳು ತಿಂಗಳೂ ಕಟ್ಟುವ ಆರ್.ಡಿ. ಹಣ, ಮಗಳ ಹೆಸರಿನ ಸುಕನ್ಯಾ ಸಮೃದ್ಧಿ ಖಾತೆ, 1995ರಲ್ಲಿ ಬಂದ ಗ್ರಾಮೀಣ ಅಂಚೆ ಜೀವವಿಮೆ, ಉದ್ಯೋಗ ಖಾತರಿಯ ಕೂಲಿ, ವೃದ್ಧಾಪ್ಯ ವೇತನದ ಮನಿಯಾರ್ಡರು ಇವೆಲ್ಲವೂ ಕಾಗದ ಕಡಿಮೆಯಾದ ಕಾಲದಲ್ಲಿ ಅಂಚೆಮನೆಯ ಬಾಗಿಲನ್ನು ತೆರೆದಿಟ್ಟುವು. ಆದರೆ ಇಂಗ್ಲೆಂಡಿನ 2003ರ ಹೆಜ್ಜೆಯ ಗುರುತು ನಮ್ಮ ಹಾದಿಯಲ್ಲಿಯೂ ಮೂಡುತ್ತಿದೆ. ವೇತನಗಳು ನೇರವಾಗಿ ಖಾತೆಗಳಿಗೆ ಜಮಾ ಆಗುತ್ತಿವೆ. ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಪ್ರತ್ಯೇಕವಾದ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಇನ್ನೊಂದು ಕಡೆ, 2018ರ ಸೆಪ್ಟೆಂಬರ್ 1ರಂದು ಅಂಚೆ ಪಾವತಿ ಬ್ಯಾಂಕು ಪ್ರಾರಂಭವಾಗಿ, ಹೆಬ್ಬೆರಳಿಟ್ಟರೆ ಮನೆಯ ಬಾಗಿಲಲ್ಲಿಯೇ ಯಾವ ಬ್ಯಾಂಕಿನ ಖಾತೆಯ ಹಣವನ್ನಾದರೂ ಪೋಸ್ಟ್‌ಮ್ಯಾನ್ ಕೊಡುವಂತಾದುದು ಸಂತೋಷದ ಸಂಗತಿ. ಹಾಸಿಗೆ ಹಿಡಿದವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹೊಸ ಕೆಲಸ ಕೊಟ್ಟರೆ ಹಳೆಯ ಸಂಸ್ಥೆ ಬದುಕುತ್ತದೆಂಬುದಕ್ಕೆ ಇದೇ ನಿದರ್ಶನ.

ನಮ್ಮಲ್ಲಿ ಭಯವಿರುವುದು ಮುಚ್ಚುವ ಆಜ್ಞೆಯಿಂದಲ್ಲ, ಮೆಲ್ಲನೆ ಬರಿದಾಗುವುದರಿಂದ. ಶಾಖಾ ಅಂಚೆಮನೆಯ ಭಾರವೆಲ್ಲ ಗ್ರಾಮೀಣ ಅಂಚೆ ಸೇವಕನೆಂಬವನ ಮೇಲಿದೆ. ಬಿ.ಪಿ.ಎಂ. (ಶಾಖಾ ಅಂಚೆಪಾಲಕ) ಎಂದು ಹಳ್ಳಿಯವರು ಕರೆಯುವ ಈತ ದಿನಕ್ಕೆ ನಾಲ್ಕೈದು ಗಂಟೆಯ ಕೆಲಸಗಾರ; ಕಚೇರಿಗೆ ಬೇಕಾದ ಜಾಗವನ್ನು ಅವನೇ ಒದಗಿಸತಕ್ಕದ್ದು, ಬಹುಮಟ್ಟಿಗೆ ಅದು ಅವನ ಮನೆಯ ನಡುಕೋಣೆಯೋ ಜಗಲಿಯೋ ಆಗಿರುತ್ತದೆ. 2018ರ ಪರಿಷ್ಕರಣದಂತೆ ನಾಲ್ಕು ಗಂಟೆಯವನಿಗೆ ಆರಂಭದ ಭತ್ಯೆ ತಿಂಗಳಿಗೆ 12,000 ರೂಪಾಯಿ, ಐದು ಗಂಟೆಯವನಿಗೆ 14,500, ಅದರ ಮೇಲೆ ತುಟ್ಟಿಭತ್ಯೆ. ಇವನದು ಸರಕಾರದ ನಾಗರಿಕ ಹುದ್ದೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1977ರಲ್ಲಿಯೇ ಹೇಳಿದ್ದರೂ, ಖಾಯಂ ನೌಕರನ ಪಿಂಚಣಿ ಮೊದಲಾದ ಸೌಲಭ್ಯಗಳು ಇಂದಿಗೂ ಅವನಿಗೆ ಸಲ್ಲುತ್ತಿಲ್ಲ. ಇಷ್ಟರ ಮೇಲೆ ಇಂತಿಷ್ಟು ಖಾತೆ, ಇಂತಿಷ್ಟು ವಿಮೆ ಮಾಡಿಸಬೇಕೆಂಬ ಗುರಿಯ ಒತ್ತಡ ಬೇರೆ; ಜಾಲ ಸಿಗದ ಮಲೆನಾಡಿನ ಮೂಲೆಯಲ್ಲಿ ಕೈಯಲ್ಲಿ ಯಂತ್ರ ಹಿಡಿದು ಗುಡ್ಡದ ಮೇಲೆ ನಿಲ್ಲುವ ಪಾಡು ಇನ್ನೊಂದು. ಇಂಥ ಹುದ್ದೆಯಲ್ಲಿ ಯುವಕನೊಬ್ಬ ನಿಲ್ಲದೆ ಹೊರಟುಹೋದರೆ ಅವನನ್ನು ನಿಂದಿಸಲಾಗದು. ಹುದ್ದೆ ಬಹುಕಾಲ ಖಾಲಿ ಬಿದ್ದರೆ ಪಕ್ಕದೂರಿನವನೇ ಎರಡನ್ನೂ ನೋಡಿಕೊಳ್ಳತಕ್ಕದ್ದಾಗುತ್ತದೆ, ವಾರದಲ್ಲಿ ಒಂದೆರಡು ದಿನ ಮಾತ್ರ ಚೀಲ ಬಿಚ್ಚುತ್ತದೆ, ಜನರು ಬರುವುದನ್ನು ಬಿಡುತ್ತಾರೆ, ಆಮೇಲೆ ಯಾರಾದರೂ ಅಧಿಕಾರಿ ಬಂದು, ಇಲ್ಲಿ ವ್ಯವಹಾರವೇ ಇಲ್ಲವೆಂದು ನಿಜವಾಗಿಯೇ ಬರೆದುಕೊಂಡು ಹೋಗಬಹುದು.

1898ರ ಅಂಚೆ ಕಾಯಿದೆಯನ್ನು ತೆಗೆದು ಅದರ ಸ್ಥಾನದಲ್ಲಿ 2023ರ ಹೊಸ ಕಾಯಿದೆಯನ್ನು ತಂದರು. ಅದು 2024ರ ಜೂನ್ 18ರಿಂದ ಜಾರಿಯಲ್ಲಿದೆ. ಹಳ್ಳಿಯ ಅಂಚೆಮನೆಯನ್ನು ನಷ್ಟದ ಕಾರಣಕ್ಕೆ ಮುಚ್ಚಕೂಡದೆಂಬ ಸ್ಪಷ್ಟವಾದ ಮಾತು ಆ ಕಾಯಿದೆಯಲ್ಲಿಲ್ಲ. ಮೇಲೆ ಹೇಳಿದ ಮೂರರಲ್ಲೊಂದು ಭಾಗದ ನಿಯಮವೂ ಇಲಾಖೆಯ ಆಂತರಿಕ ನಿಯಮವೇ ಹೊರತು ಶಾಸನವಲ್ಲ. ಬರೆದ ಕೈಯೇ ಅದನ್ನು ಅಳಿಸಬಹುದು. ಆದುದರಿಂದ ನಮ್ಮ ಲೋಕಸಭಾ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು: ನಷ್ಟವೊಂದನ್ನೇ ಕಾರಣವಾಗಿಟ್ಟು ಯಾವ ಶಾಖಾ ಅಂಚೆಮನೆಯನ್ನೂ ಮುಚ್ಚಕೂಡದು, ಅದರ ವೇಳೆಯನ್ನೂ ಕುಗ್ಗಿಸಕೂಡದು, ಗ್ರಾಮಸಭೆಯ ಅಭಿಪ್ರಾಯವನ್ನು ಕೇಳದೆ ಸ್ಥಳಾಂತರಿಸಲೂ ಕೂಡದು ಎಂಬ ಒಂದು ಪ್ರಕರಣವನ್ನು ತಿದ್ದುಪಡಿಯ ಮೂಲಕ ಈ ಕಾಯಿದೆಗೆ ಸೇರಿಸಿ. ಹಳ್ಳಿಯ ಓದುಗರಲ್ಲಿಯೂ ಒಂದು ಮಾತು: ನಿಮ್ಮ ಊರಿನ ಬಿ.ಪಿ.ಎಂ. ಹುದ್ದೆ ಖಾಲಿಯಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಅದನ್ನು ಪ್ರಸ್ತಾಪಿಸಿ, ಠರಾವು ಬರೆಯಿಸಿ, ವಿಭಾಗದ ಅಂಚೆ ಅಧೀಕ್ಷಕರಿಗೆ ಕಳುಹಿಸಿಕೊಡಿ.